ಬೇರೆ ಕೈಯ ರೊಟ್ಟಿ

ಬನಹಟ್ಟಿ
೧೮ ಜುಲೈ ೧೯೭೯

ಮುತ್ತವ್ವಾ,

ಆಶೀರ್ವಾದವನ್ನು ಕೊನೆಗೆ ಬರೆಯುತ್ತೇನೆ. ಮೊದಲು ಕೇಳುವುದಿದೆ.

ನೂಲಿನ ವ್ಯಾಪಾರಿ ಚನಮಲ್ಲಪ್ಪ ಸೋಮವಾರ ಮನೆಗೆ ಬಂದಿದ್ದ. ಹಿಂದಿನ ದಿನ ಜಮಖಂಡಿಯಲ್ಲಿ ನಿಮ್ಮ ಕಾಲೇಜಿನ ಹಿಂದಿನ ಬಯಲನ್ನು ಹಾದು ಬಂದನಂತೆ. ಮೂರು ಕಲ್ಲಿನ ಒಲೆ, ಸುತ್ತಲೂ ಗಂಡುಹುಡುಗರು, ನಡುವೆ ನೀನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ರೊಟ್ಟಿ ಬಡಿಯುತ್ತ ಕುಳಿತಿದ್ದೆಯಂತೆ. ಇದನ್ನು ನನ್ನೊಬ್ಬಳಿಗೆ ಹೇಳಿದ್ದರೆ ಸಹಿಸುತ್ತಿದ್ದೆ. ಮಗ್ಗದ ಆಳುಗಳೆಲ್ಲ ಊಟಕ್ಕೆ ಕುಳಿತಾಗ ಹೇಳಿದ.

"ಅನಸವ್ವಾರ, ನಿಮ್ಮ ಮಗಳು ರೊಟ್ಟಿ ಛಲೋ ಬಡೀತಾಳ ಬಿಡ್ರಿ. ಅಷ್ಟಕ್ಕ ಕಾಲೇಜ್ ಯಾಕ ಬೇಕಾಗಿತ್ತರಿ?"

ನಾನು ಚಹಾದ ಬಟ್ಟಲು ಅವನ ಮುಂದಿಟ್ಟು, "ನಿಮ್ಮ ಮಗಾನೂ ಕಾಲೇಜಿಗೆ ಹೋಗಿದ್ದನಲ್ಲರಿ. ಅವಗ ರೊಟ್ಟೀನೂ ಬರೂದಿಲ್ಲ, ಲೆಕ್ಕಾನೂ ಬರೂದಿಲ್ಲಂತ" ಎಂದೆ. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ. ನಿನ್ನ ಅಣ್ಣ ಕಾಮಣ್ಣ ನಕ್ಕ, ಆಳುಗಳೂ ನಕ್ಕರು. ನನಗೆ ನಗು ಬರಲಿಲ್ಲ. ಅವನು ಕೇಳಿದ ಪ್ರಶ್ನೆಯನ್ನು ನಾನೇ ನಿನಗೆ ಕೇಳುತ್ತಿದ್ದೇನೆ. ಅಷ್ಟಕ್ಕೆ ಕಾಲೇಜು ಯಾಕೆ ಬೇಕಿತ್ತು?

ಹಾಸ್ಟೆಲಿನ ಮೆಸ್ಸಿನಲ್ಲಿ ಹೊಟ್ಟೆ ತುಂಬುವುದಿಲ್ಲವೆಂದರೆ ಹಾಗೆಂದು ಬರೆ. ಬುತ್ತಿ ಕಳಿಸುತ್ತೇನೆ. ಆದರೆ ನಮ್ಮದು ಊರಿಗೆ ಉಣ್ಣಿಸಿದ ಮನೆ. ಈ ಮನೆಯ ಮಗಳು ಬಯಲಿನಲ್ಲಿ ಒಲೆ ಹೂಡಿ ದಾರಿಹೋಕರ ಕಣ್ಣಿಗೆ ಬೀಳುವುದನ್ನು ನಾನು ಒಪ್ಪುವುದಿಲ್ಲ.

ಹಾಳೆ ಮುಗಿಯಿತು. ಆಶೀರ್ವಾದಕ್ಕೆ ಜಾಗ ಉಳಿಯಲಿಲ್ಲ.

ಅನಸವ್ವ

---

ಜಮಖಂಡಿ
೨೭ ಜುಲೈ ೧೯೭೯

ಅವ್ವನ ಪಾದಕ್ಕೆ ನಮಸ್ಕಾರ.

ಚನಮಲ್ಲಪ್ಪನವರು ನೋಡಿದ್ದು ಖರೆ. ಆದರೆ ಅವರು ಹೊರಗಿನಿಂದ ನೋಡಿ ಹೋದರು. ಒಳಗೆ ಬಂದು ಕುಳಿತಿದ್ದರೆ ಬೇರೆ ಸುದ್ದಿ ತರುತ್ತಿದ್ದರು.

ಭಾನುವಾರ ದಿನವಿಡೀ ಎಲ್ಲ ಹಾಸ್ಟೆಲುಗಳ ಮೆಸ್ಸು ಮುಚ್ಚಿರುತ್ತದೆ. ಕೈಯಲ್ಲಿ ರೊಕ್ಕ ಇದ್ದವರು ಖಾನಾವಳಿಗೆ ಹೋಗುತ್ತಾರೆ. ಇಲ್ಲದವರು ನೀರು ಕುಡಿದು ಮಲಗುತ್ತಾರೆ. ನಮ್ಮ ವರ್ಗದಲ್ಲಿ ಹಿಪ್ಪರಗಿಯ ಹೊಳೆಪ್ಪ ಎಂಬವನಿದ್ದಾನೆ. ಒಂದು ಸೋಮವಾರ ಮುಂಜಾನೆ ಪ್ರಯೋಗಶಾಲೆಯಲ್ಲಿ ತಲೆ ತಿರುಗಿ ಬಿದ್ದ. ಕೇಳಿದರೆ ಶನಿವಾರ ರಾತ್ರಿ ಉಂಡದ್ದೇ ಕೊನೆಯಂತೆ. ಆದರೆ ಅವನ ಟ್ರಂಕಿನಲ್ಲಿ ಮನೆಯಿಂದ ತಂದ ಜೋಳದ ಹಿಟ್ಟು ಇತ್ತು! ನನ್ನಲ್ಲಿ ರೊಟ್ಟಿಗೆ ಹಚ್ಚಿಕೊಳ್ಳಲು ನೀನು ಕೊಟ್ಟ ಅಗಸಿ ಹಿಂಡಿ ಇತ್ತು. ಇನ್ನೊಬ್ಬರಲ್ಲಿ ಬೇಳೆ. ಎಲ್ಲರ ಹತ್ತಿರವೂ ಏನೋ ಒಂದಿತ್ತು, ಯಾರ ಹತ್ತಿರವೂ ಊಟವಿರಲಿಲ್ಲ. ಕೂಡಿಸಿದೆವು, ಊಟವಾಯಿತು. ಅದಕ್ಕೆ ಕೂಡೂಟ ಎಂದು ಹೆಸರಿಟ್ಟಿದ್ದೇವೆ.

ಉಪ್ಪು ಬಿಟ್ಟು ಬಜಾರದಿಂದ ಏನೂ ತರಬಾರದು ಎಂಬುದು ನಮ್ಮ ಕಟ್ಟಳೆ. ನಮ್ಮ ನಮ್ಮ ಊರಲ್ಲಿ ಈಗ ಏನು ಬೆಳೆದಿದೆಯೋ ಅದೇ. ಹೋದ ವಾರ ಪುಂಡಿ ಪಲ್ಯ ಮಾಡಿದೆವು. ಜೋಳದ ನುಚ್ಚು ಇರಲಿಲ್ಲ, ಹಾಗೇ ಕುದಿಸಿದೆವು. ಯಾರು ಬಂದರೂ ಊಟ ಉಂಟು. ಬಸ್‌ಸ್ಟ್ಯಾಂಡಿನ ಹಮಾಲರು ಬರುತ್ತಾರೆ, ಕಾಲೇಜಿನ ಕಾವಲುಗಾರ ಮಕ್ಕಳನ್ನು ಕರೆದುಕೊಂಡು ಬರುತ್ತಾನೆ. ಸಸ್ಯಶಾಸ್ತ್ರದ ಮೇಡಂ ನಮ್ಮ ಜೊತೆಗೇ ಇರುತ್ತಾರೆ, ಆದ್ದರಿಂದ ನೀನು ಬೇರೆ ಏನೂ ಯೋಚಿಸಬೇಡ.

ಇನ್ನೊಂದು ಕಟ್ಟಳೆ ನಾನು ಮಾಡಿದ್ದು. ಉಣ್ಣುವವರೆಲ್ಲ ಮಾಡಬೇಕು, ಗಂಡಸರೂ ರೊಟ್ಟಿ ಬಡಿಯಬೇಕು. ಹೊಳೆಪ್ಪನ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು ಹುಡುಗರು, "ಲೇ, ಇದು ರೊಟ್ಟಿ ಅಲ್ಲೋ, ಕೃಷ್ಣಾ ಹೊಳಿ ನಕಾಶಿ" ಎಂದು ಕೂಗಿದರು. ಅವನು, "ನಕಾಶಿ ಇದ್ರ ಏನಾತು, ಬಾಯಿಗೆ ದಾರಿ ಗೊತ್ತೈತಿ" ಎಂದು ತಾನೇ ಅದನ್ನು ತಿಂದ.

ಈಗಲಾದರೂ ಆಶೀರ್ವಾದ ಕಳಿಸು.

ಮುತ್ತವ್ವ

---

ಬನಹಟ್ಟಿ
೨೦ ಆಗಸ್ಟ್ ೧೯೭೯

ಮುತ್ತವ್ವಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಬರೆಯಲು ಕೂಡುವಷ್ಟರಲ್ಲಿ ಯಾರೋ ಉಣ್ಣಲು ಬರುತ್ತಾರೆ. ಅಕ್ಷರ ಓರೆಯಾಗಿದ್ದರೆ ಪೆನ್ನು ಸರಿಯಿಲ್ಲವೆಂದು ತಿಳಿ.

ಭಾನುವಾರ ಮೆಸ್ಸು ಮುಚ್ಚುತ್ತದೆ ಎಂದು ಬರೆದಿದ್ದೀಯ. ಈ ಮನೆಯ ಒಲೆ ಯಾವ ಭಾನುವಾರವೂ ಮುಚ್ಚಿಲ್ಲ. ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ, ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ. ರೊಟ್ಟಿ ನಿಂತದ್ದನ್ನು ನಾನು ನೋಡಿಲ್ಲ. ನಿನ್ನ ಅಪ್ಪ ತೀರಿಕೊಂಡ ದಿನವೂ ಹೆಣ ಎತ್ತಿದ ಮೇಲೆ ನಾನು ಹಿಟ್ಟು ನಾದುವ ಪರಾತ ಎಳೆದುಕೊಂಡೆ, ಊರಿಂದ ಬಂದವರು ಹಸಿದಿದ್ದರು.

ನಾನು ಮದುವೆಯಾಗಿ ಬಂದಾಗ ಹೈಸ್ಕೂಲು ಕಲಿತ ಸೊಸೆ ಎಂದು ಓಣಿಯವರೆಲ್ಲ ನೋಡಲು ಬಂದಿದ್ದರು. ಮ್ಯಾಟ್ರಿಕ್ ಪರೀಕ್ಷೆಗೆ ಒಂದು ವರ್ಷ ಉಳಿದಿತ್ತು. ಗಂಟಿನಲ್ಲಿ ಪುಸ್ತಕ ಕಟ್ಟಿಕೊಂಡು ಬಂದಿದ್ದೆ. ಮರುದಿನ ನಿನ್ನ ಅಜ್ಜಿ ಆ ಗಂಟನ್ನು ನೋಡಿ, "ಅವನ್ನ ಅಟ್ಟದ ಮ್ಯಾಲ ಇಡು. ಇಲ್ಲೆ ಕೂಡು" ಎಂದರು. ಪರಾತದ ಮುಂದೆ ಕುಳಿತೆ. ಇನ್ನೂ ಅಲ್ಲೇ ಕುಳಿತಿದ್ದೇನೆ.

ನಿನ್ನನ್ನು ಓದಿಸಿದ್ದು ನೀನು ಅಲ್ಲಿ ಕೂಡಬಾರದೆಂದು. ನೀನು ಹೈಸ್ಕೂಲಿನಲ್ಲಿ ಕಲಿಸಬೇಕು, ನಿನ್ನ ಕೈಗೆ ಸೀಮೆಸುಣ್ಣ ಹತ್ತಬೇಕು. ನೀನು ಹೋಗಿ, ಯಾರೂ ಹೇಳದೆ, ಯಾರೂ ಎಳೆದು ಕೂಡಿಸದೆ, ಪರಾತದ ಮುಂದೆ ಕುಳಿತೆ. ಚನಮಲ್ಲಪ್ಪನ ಮಾತಿಗಿಂತ ಅದು ನನಗೆ ಹೆಚ್ಚು ಹತ್ತಿತು.

ನಿನ್ನ ಅತ್ತಿಗೆ ಇಂದ್ರವ್ವ ದೀಪಾವಳಿ ಮುಗಿಸಿ ಹೆರಿಗೆಗೆ ಮುಧೋಳದ ತವರಿಗೆ ಹೋಗುತ್ತಾಳೆ. ಅದರ ಚಿಂತೆ ನಿನಗೆ ಬೇಡ. ಮನೆ ನಡೆಯುತ್ತದೆ.

ನುಚ್ಚು ಹಾಕದೆ ಮಾಡಿದ್ದಕ್ಕೆ ಪುಂಡಿ ಪಲ್ಯ ಎನ್ನುವುದಿಲ್ಲ. ಹುಳಿ ನೀರು ಎನ್ನುತ್ತಾರೆ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಜೋಳದ ನುಚ್ಚು ಕಳಿಸಿದ್ದೇನೆ. ನಾನು ಒಪ್ಪಿದೆ ಎಂದು ಇದರ ಅರ್ಥವಲ್ಲ. ನನ್ನ ಮಗಳ ಕೈಯಿಂದ ತಪ್ಪು ಪಲ್ಯ ಉಂಡೆವು ಎಂದು ನಾಲ್ಕು ಊರಿನವರು ಹೇಳಬಾರದು.

ಆಶೀರ್ವಾದ, ಓದುವವಳಿಗೆ. ಅಡುಗೆಯವಳಿಗಲ್ಲ.

ಅನಸವ್ವ

---

ಜಮಖಂಡಿ
೨೫ ನವೆಂಬರ್ ೧೯೭೯

ಅವ್ವಾ,

ಓದುವವಳು ನಮಸ್ಕಾರ ಮಾಡುತ್ತಾಳೆ. ಅಡುಗೆಯವಳು ನಿನ್ನಲ್ಲಿ ಒಂದು ಬೇಡುತ್ತಾಳೆ.

ಎಳ್ಳಮಾವಾಸ್ಯೆಗೆ ಹೊಲ ಇದ್ದವರು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಭೂಮಿಗೆ ಮೊದಲ ತುತ್ತು ಹಾಕಿ ಆಮೇಲೆ ತಾವು ಉಣ್ಣುತ್ತಾರೆ. ಹೊಲ ಇಲ್ಲದವರು ಎಲ್ಲಿಗೆ ಹೋಗಬೇಕು? ನಮ್ಮ ಬಯಲಿಗೆ ಬರಲಿ ಎಂದು ಕರೆದಿದ್ದೇವೆ. ಹೊಳೆಪ್ಪ ಹೊಳೆದಂಡೆಯ ಬದನೆಕಾಯಿ ತರುತ್ತಾನೆ. ಬೀಳಗಿ ಕಡೆಯವರು ಹಸಿ ಕಡಲೆ, ಬಾಡಗಂಡಿಯ ಶಂಕ್ರೆವ್ವ ಕಬ್ಬು. ಎಲ್ಲ ಕಾಯಿಪಲ್ಯ ಕೂಡಿಸಿ ಭಜ್ಜಿ ಮಾಡುತ್ತೇವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾತ್ರ ನಿನ್ನ ಕೈಯವೇ ಬೇಕು. ಒಣಗಿಸಿ ಕಟಕ್ ರೊಟ್ಟಿ ಮಾಡಿ ಕಳಿಸಿದರೆ ಮುರಿಯದೆ ಬರುತ್ತವೆ. ನನ್ನ ಅವ್ವನ ರೊಟ್ಟಿಯ ಅಂಚಿನೊಳಗಿಂದ ದೀಪ ಕಾಣುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ.

ದೀಪಾವಳಿಗೆ ಬಂದಾಗ ನನ್ನನ್ನು ಅಡುಗೆಮನೆಗೇ ಬಿಡಲಿಲ್ಲ ನೀನು. ಹೊಸ್ತಿಲ ಮೇಲೆ ಕುಳಿತು "ಓದ್ಕೋ ಹೋಗ" ಎಂದೆ. ಒಳಗೆ ಮರೆವ್ವಕ್ಕ ಇದ್ದಳು. ಮಗ್ಗಕ್ಕೆ ಕಂಡಿಕೆ ಸುತ್ತುವವಳಿಗೆ ಅಡುಗೆಮನೆಯಲ್ಲಿ ಏನು ಕೆಲಸ ಎಂದು ಕೇಳಿದರೆ, "ಬೆಂಕಿ ಒಯ್ಯಾಕ ಬಂದಾಳ" ಎಂದೆ. ಬೆಂಕಿ ಒಯ್ಯಲು ಅಷ್ಟು ಹೊತ್ತು ಬೇಕೇ ಅವ್ವಾ?

ಮುತ್ತವ್ವ

---

ಬನಹಟ್ಟಿ
೧೭ ಡಿಸೆಂಬರ್ ೧೯೭೯

ಮುತ್ತವ್ವಾ,

ರೊಟ್ಟಿ ಕಳಿಸಿದ್ದೇನೆ. ಬುಟ್ಟಿಯನ್ನು ಚನಮಲ್ಲಪ್ಪನ ಜೀಪಿನಲ್ಲೇ ಇಡಿಸಿದ್ದೇನೆ. ಹೊತ್ತು ತರಲಿ.

ಬುಟ್ಟಿ ನಿನ್ನ ಅಜ್ಜಿಯ ಕಾಲದ್ದು. ಖಾಲಿ ಹಿಂದೆ ಕಳಿಸಬಾರದು. ಕೊಟ್ಟ ಬುಟ್ಟಿ ಖಾಲಿ ಬಂದರೆ ಆ ಮನೆಗೂ ಈ ಮನೆಗೂ ಮುಗಿಯಿತು ಎಂದರ್ಥ. ಒಂದು ಹಿಡಿ ಕಡಲೆಯಾದರೂ ಹಾಕು.

ಹೆಚ್ಚು ಬರೆಯಲಾರೆ. ದಣಿದಿದ್ದೇನೆ.

ಆಶೀರ್ವಾದ.

ಅನಸವ್ವ

---

ಜಮಖಂಡಿ
೨೪ ಡಿಸೆಂಬರ್ ೧೯೭೯

ಅವ್ವಾ,

ಬಂದವರೆಲ್ಲ ಉಂಡರು. ಚನಮಲ್ಲಪ್ಪನವರು ಬುಟ್ಟಿ ಕೊಟ್ಟು ಹೋಗುತ್ತೇನೆ ಎಂದವರು ಕುಳಿತರು. ಎರಡು ಸಲ ಭಜ್ಜಿ ಹಾಕಿಸಿಕೊಂಡರು. ರೊಟ್ಟಿ ಛಲೋ ಇದ್ದವು ಎಂದು ಎಲ್ಲರೂ ಹೇಳಿದರು. ಛಲೋ ಇದ್ದವು. ಆದರೆ ನಿನ್ನವಲ್ಲ.

ಬುಟ್ಟಿಯ ಮೇಲಿನ ಬಟ್ಟೆ ತೆಗೆದ ಕೂಡಲೇ ನನಗೆ ತಿಳಿಯಿತು. ಹಂಚಿಗೆ ಹಾಕಿದ ಮೇಲೆ ನೀನು ನೀರಿನ ಅರಿವೆಯನ್ನು ಒಂದೇ ಸುತ್ತಿಗೆ ಸವರುತ್ತೀ. ರೊಟ್ಟಿಯ ಮೇಲೆ ಬಿದಿಗೆ ಚಂದ್ರನ ಹಾಗೆ ಒಂದು ಗೆರೆ ಬೀಳುತ್ತದೆ. ಈ ರೊಟ್ಟಿಗಳ ಮೇಲೆ ಗೆರೆ ನೇರ ಇದೆ, ಹೋಗಿ ಬಂದು ಹೋಗಿ ಬಂದು. ಕಂಡಿಕೆಗೆ ನೂಲು ಸುತ್ತುವ ಕೈ ಅದು. ಮರೆವ್ವಕ್ಕನ ಕೈ.

ಒಂದೊಂದನ್ನೇ ಎತ್ತಿ ನೋಡಿದೆ. ತಳದವರೆಗೂ ನೋಡಿದೆ. ನಿನ್ನದು ಒಂದೂ ಇರಲಿಲ್ಲ. ನನ್ನ ಅವ್ವ ಬೇರೆಯವರ ರೊಟ್ಟಿಯನ್ನು ತನ್ನದೆಂದು ಕಳಿಸುವವಳಲ್ಲ. ಚನಮಲ್ಲಪ್ಪನವರನ್ನು ಹಿಡಿದು ನಿಲ್ಲಿಸಿ ಕೇಳಿದೆ. ಅವರು ಕೈ ತೊಳೆಯುತ್ತ, "ನಿಮ್ಮವ್ವನ ಕೈಬಟ್ಟು ಹಗ್ಗದ ಗಂಟಿನಂಗ ಆಗ್ಯಾವಬೇ. ಮುಷ್ಟಿ ಮುಚ್ಚಾಕ ಬರೂದಿಲ್ಲ. ನಾ ಹೇಳೇನಿ ಅನ್ನಬ್ಯಾಡ, ಮತ್ತ ಚಹಾನೂ ಕೊಡೂದಿಲ್ಲ ಆಕಿ" ಎಂದರು.

ಪೆನ್ನು ಸರಿಯಿಲ್ಲ ಎಂದು ಆಗಸ್ಟಿನಲ್ಲಿ ಬರೆದೆಯಲ್ಲ. ಆಗಿನಿಂದಲೇ?

ಅತ್ತಿಗೆ ಮುಧೋಳದಲ್ಲಿ. ಮನೆಯಲ್ಲಿ ಅಣ್ಣ, ಆಳುಗಳು, ನೀನು. ನಾನಿಲ್ಲಿ ಊರವರಿಗೆಲ್ಲ ರೊಟ್ಟಿ ಬಡಿಯುತ್ತ ಕುಳಿತಿದ್ದೇನೆ. ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಪರೀಕ್ಷೆಯನ್ನು ಮುಂದಿನ ವರ್ಷ ಕಟ್ಟಬಹುದು.

ಮುತ್ತವ್ವ

---

ಬನಹಟ್ಟಿ
೨೬ ಡಿಸೆಂಬರ್ ೧೯೭೯

ಮುತ್ತವ್ವಾ,

ಬರಬೇಡ. ಟ್ರಂಕು ಕಟ್ಟಿದ್ದರೆ ಬಿಚ್ಚು. ಈ ಪತ್ರವನ್ನು ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಯನ್ನು ನಂಬಿದರೆ ನೀನು ಬಾಗಿಲಿಗೇ ಬಂದು ನಿಲ್ಲುತ್ತೀ.

ಕೈಗೆ ಏನಾಗಿದೆ ಎಂದರೆ, ಸವೆದಿದೆ. ಮಗ್ಗದ ಲಾಳಿ ಸವೆಯುವುದಿಲ್ಲವೇ, ಹಾಗೆ. ಅದಕ್ಕೆ ನೀನು ಅಳುವುದು ಬೇಕಿಲ್ಲ. ನಾನೇ ಅತ್ತಿಲ್ಲ.

ಹೇಳದೆ ಇದ್ದದ್ದು ಯಾಕೆಂದು ಈಗ ಹೇಳುತ್ತೇನೆ. ಶ್ರಾವಣದಲ್ಲೇ ಒಂದು ದಿನ ಹಿಟ್ಟು ನಾದುವಾಗ ಪರಾತ ಕೈಯಿಂದ ಜಾರಿತು. ಕಾಮಣ್ಣ ನೋಡಿದ. ಅಂದೇ ಉಣ್ಣುತ್ತ ಕುಳಿತು, "ಅವ್ವಾ, ತಂಗಿ ಒಂದ್ ವರ್ಷ ಮನ್ಯಾಗ ಇರ್ಲಿ. ಪರೀಕ್ಷಾ ಎಲ್ಲಿ ಓಡಿ ಹೋಗತೈತಿ?" ಎಂದ. ಅವನು ಕೆಟ್ಟವನಲ್ಲ. ಹಸಿದವನು. ಹಸಿದ ಗಂಡಸಿನ ಕಣ್ಣಿಗೆ ಮನೆಯ ಹೆಣ್ಣುಮಕ್ಕಳೆಲ್ಲ ರೊಟ್ಟಿಯಾಗಿ ಕಾಣುತ್ತಾರೆ. ನಾನು, "ನನ್ನ ಕೈ ನೆಟ್ಟಗೈತಿ. ನೀ ಉಣ್ಣು" ಎಂದೆ. ಮರುದಿನ ರೊಟ್ಟಿ ಬಡಿಯಲು ಮರೆವ್ವನನ್ನು ಹಿತ್ತಲ ಬಾಗಿಲಿನಿಂದ ಕರೆದೆ. ಬಸುರಿ ಇಂದ್ರವ್ವನಿಗೊಬ್ಬಳಿಗೇ ಹೇಳಿದ್ದೆ. ಕಾಮಣ್ಣನಿಗೂ ಗೊತ್ತಾಗಲಿಲ್ಲ. ದಿನಕ್ಕೆರಡು ಸಲ ತಿನ್ನುವವನಿಗೆ ತಿಳಿಯದ್ದು ನಿನಗೆ ಬುಟ್ಟಿ ತೆರೆದ ಕೂಡಲೇ ತಿಳಿಯಿತು.

ನನ್ನ ಅತ್ತೆಯೂ ಹಾಗೇ ಹೇಳಿದ್ದರು. "ಒಂದ್ ವರ್ಷ ಕೂಡು, ಆಮ್ಯಾಲ ಪರೀಕ್ಷಾ ಕಟ್ಟೀಯಂತ." ಸುಳ್ಳು ಹೇಳುವ ಮನಸ್ಸು ಅವರಿಗೂ ಇರಲಿಲ್ಲ. ಅಟ್ಟಕ್ಕೆ ಹತ್ತಿದ ಪುಸ್ತಕ ಇಳಿಯುವುದಿಲ್ಲ, ಅಷ್ಟೇ. ನೀನು ಬಂದರೆ ನನ್ನ ಕೈ ಉಳಿಯುತ್ತದೆ. ಆದರೆ ಅದು ಯಾತಕ್ಕೆ ಸವೆಯಿತೋ ಅದು ಉಳಿಯುವುದಿಲ್ಲ.

ಇದಕ್ಕಿಂತ ಹೆಚ್ಚು ನಾನು ಯಾರಿಗೂ ಬೇಡಿಕೊಂಡವಳಲ್ಲ. ಬರಬೇಡ.

ಅನಸವ್ವ

---

ಜಮಖಂಡಿ
೭ ಜನವರಿ ೧೯೮೦

ಅವ್ವಾ,

ಬರಲಿಲ್ಲ. ಶುಕ್ರವಾರ ಬಸ್ಸು ಹೋಗುವ ಹೊತ್ತಿಗೆ ಗ್ರಂಥಾಲಯದಲ್ಲಿ ಕುಳಿತಿದ್ದೆ. ಏನು ಓದಿದೆ ಎಂದು ಕೇಳಬೇಡ.

ನಿನ್ನೆ ಒಲೆ ಹೂಡುವ ಮೊದಲು ಎಲ್ಲರಿಗೂ ಹೇಳಿದೆ, ಇವತ್ತಿನಿಂದ ನಮ್ಮ ಪಂಕ್ತಿ ಸ್ವಲ್ಪ ಉದ್ದ ಇದೆ, ಅದರ ಕೊನೆ ಬನಹಟ್ಟಿಯಲ್ಲಿದೆ ಎಂದು. ಯಾಕೆ ಏನು ಎಂದು ಯಾರೂ ಕೇಳಲಿಲ್ಲ. ಹೊಳೆಪ್ಪ ಮಾತ್ರ, "ಹಂಗಾದ್ರ ಇನ್ನೊಂದು ಸೇರು ಹಿಟ್ಟು ನಾದ್ರೆಲೇ" ಎಂದ.

ಬುಟ್ಟಿ ಖಾಲಿ ಕಳಿಸಬೇಡ ಎಂದಿದ್ದೆ. ತುಂಬಿ ಕಳಿಸಿದ್ದೇನೆ. ಪ್ರತಿ ಭಾನುವಾರ ತುಂಬುತ್ತೇವೆ. ಕಟಕ್ ರೊಟ್ಟಿ ವಾರವಿಡೀ ಇರುತ್ತವೆ. ಅಂಚು ನಿನ್ನ ರೊಟ್ಟಿಯಷ್ಟು ತೆಳ್ಳಗಿಲ್ಲ. ಊರಿಗೆ ಉಣ್ಣಿಸಿದ ಮನೆ ನಮ್ಮದು, ಬೇರೆಯವರ ರೊಟ್ಟಿ ಉಣ್ಣುವುದು ಹೇಗೆ ಎಂದು ನೀನು ಅನ್ನುತ್ತೀ. ಇದು ಬೇರೆಯವರದಲ್ಲ ಅವ್ವಾ. ಚರಗಕ್ಕೆ ನೀನು ಕೊಟ್ಟದ್ದು ತಿರುಗಿ ಬಂದಿದೆ.

ಮುತ್ತವ್ವ

---

ಬನಹಟ್ಟಿ
೧೮ ಜನವರಿ ೧೯೮೦

ಚಿರಂಜೀವಿ ಮುತ್ತವ್ವನಿಗೆ ಆಶೀರ್ವಾದ. ಈ ಸಲ ಮೊದಲೇ ಹೇಳಿಬಿಟ್ಟೆ.

ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳುತ್ತಿರುವವಳು ನಾನೇ, ಬರೆಯುತ್ತಿರುವವನು ನಿನ್ನ ಅಣ್ಣ ಕಾಮಣ್ಣ. ಒಂದು ಮಾತೂ ಬಿಡಬಾರದೆಂದು ಹೇಳಿದ್ದೇನೆ. (ಬಿಟ್ಟಿಲ್ಲ ತಂಗಿ, ಬೈಗಳು ಸಹಿತ ಬರದೇನಿ. ಕಾಮಣ್ಣ.)

ಬುಟ್ಟಿ ಬಂತು. ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಮರೆವ್ವ ತನ್ನ ಅಣ್ಣನ ಊರಿಗೆ ಹೋದಳು. ಆಳುಗಳು ಕೈ ತೊಳೆದು ಕುಳಿತಿದ್ದರು. ಬಟ್ಟೆ ತೆಗೆದೆ.

ನಿನ್ನ ಕೈ ಗೊತ್ತಾಯಿತು. ನೀರಿನ ಅರಿವೆಯನ್ನು ನನ್ನ ಹಾಗೆ ಸುತ್ತಲು ಹೋಗಿ ನಡುವೆ ಅವಸರ ಮಾಡುತ್ತೀ. ಇನ್ನೊಬ್ಬ ಹುಡುಗಿಯ ಕೈ ಹಗುರ ಇದೆ, ಬಾಡಗಂಡಿಯವಳೇ ಇರಬೇಕು. ಕೆಳಗೆ ಕೆಲವು ರೊಟ್ಟಿ ಹಂಚಿನಷ್ಟು ದಪ್ಪ, ನಡುವೆ ಅಂಗೈ ಒತ್ತಿದ ತಗ್ಗು. ನನ್ನ ಅಂಗೈ ಅದರ ಮೇಲಿಟ್ಟು ನೋಡಿದೆ. ಸುತ್ತಲೂ ಜಾಗ ಉಳಿಯಿತು. ಗಂಡಸಿನ ಕೈ.

ಕಾಮಣ್ಣ ನಕ್ಕು, "ನೋಡ ಅವ್ವಾ, ಗಂಡಸರ ಕೈಯಾಗ ರೊಟ್ಟಿ ಬಡಿಸ್ಯಾಳ ನಿನ್ನ ಮಗಳು" ಎಂದ. ಆಳುಗಳೂ ನಕ್ಕರು. ನಾನು ನಿಂತೇ ಇದ್ದೆ. ಈ ಮನೆಯಲ್ಲಿ ನನ್ನ ಕೈಯ ರೊಟ್ಟಿ ತಿನ್ನದ ಗಂಡಸಿಲ್ಲ. ನಿನ್ನ ಅಜ್ಜ, ಅಪ್ಪ, ಅಣ್ಣ, ಮಗ್ಗಕ್ಕೆ ಬಂದು ಹೋದವರು, ನೂಲಿಗೆ ಬಂದು ಹೋದವರು. ನನಗೆಂದು ಒಂದು ರೊಟ್ಟಿ ಬಡಿದ ಗಂಡಸು ಇವನೊಬ್ಬ. ನನ್ನ ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ.

ಎಲ್ಲರ ಎದುರು ಕೆಳಗೆ ಕುಳಿತೆ. ಅವರಿಗೆ ಬಡಿಸುವ ಮೊದಲು ಕುಳಿತೆ. ಅದನ್ನು ಮುರಿದು ತಿಂದೆ. ಹಲ್ಲಿಗೆ ಗಟ್ಟಿ, ನಡುವೆ ಬೆಂದಿಲ್ಲ, ಉಪ್ಪು ಹೆಚ್ಚು. ಪೂರ್ತಿ ತಿಂದೆ. ಅಷ್ಟು ಹೊತ್ತು ಯಾರೂ ನಗಲಿಲ್ಲ.

ಮರುದಿನ ಮುಂಜಾನೆ ಪರಾತ ತಂದು ಕಾಮಣ್ಣನ ಮುಂದೆ ಇಟ್ಟೆ. "ಇದ್ಯಾಕವ್ವಾ?" ಎಂದ. "ಇಲ್ಲೆ ಕೂಡು" ಎಂದೆ. (ಕುಂತೆ. ಕಾ.)

ನೀನು ಪರೀಕ್ಷೆ ಮುಗಿಸಿ ಬಾ. ಅಲ್ಲಿಯವರೆಗೆ ಭಾನುವಾರ ಎಷ್ಟು ಬೇಕೋ ಅಷ್ಟು ಬಡಿ, ಬೇಡವೆನ್ನುವುದಿಲ್ಲ. ಉಳಿದ ದಿನ ಓದು. ಆ ಹಿಪ್ಪರಗಿಯ ಹುಡುಗನಿಗೆ ಹೇಳು, ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು, ತಣ್ಣೀರು ಹಾಕಿದರೆ ಅಂಚು ಸೀಳುತ್ತದೆ.

ಬುಟ್ಟಿಯನ್ನು ಮರಳಿ ಕಳಿಸಿದ್ದೇನೆ, ಖಾಲಿ ಅಲ್ಲ. ಮೇಲಿನವು ಊರಿಂದ ಮರಳಿದ ಮರೆವ್ವನವು. ಎಲ್ಲಕ್ಕಿಂತ ಕೆಳಗೆ ಒಂದು ಸುಟ್ಟ ರೊಟ್ಟಿ ಇದೆ, ಯಾವ ಊರಿನ ನಕಾಶೆಯೋ ನನಗೂ ತಿಳಿಯಲಿಲ್ಲ. ಅದನ್ನು ಎಸೆಯಬೇಡ. ಅದನ್ನು ಬಡಿದವನು ನನ್ನೆದುರು ಕುಳಿತು ಈ ಸಾಲನ್ನು ಬರೆಯಲು ಒಲ್ಲೆ ಎನ್ನುತ್ತಿದ್ದಾನೆ.

ಸಹಿ ಮಾತ್ರ ನನ್ನ ಕೈಯದು.

ಅನಸವ್ವ